ರೇ ಚಾರ್ಲ್ಸ್: ಕಣ್ಣು ಹೋದದ್ದಕ್ಕೇ ಸಂಗೀತ ಒಲಿಯಿತೇ?

ಪ್ರಶ್ನೆ: ಅಮೆರಿಕದ ಅಂಧ ಗಾಯಕ, ಪಿಯಾನೊ ವಾದಕ ರೇ ಚಾರ್ಲ್ಸ್ ಹಾಡುಗಳನ್ನು ಇತ್ತೀಚೆಗೆ ಕೇಳತೊಡಗಿದ್ದೇನೆ. ದೃಷ್ಟಿಯಿಲ್ಲದವರು ಸ್ವರಲಿಪಿ ಓದುವುದು, ದೊಡ್ಡ ಬ್ಯಾಂಡ್ ನಡೆಸುವುದು ಹೇಗೆ? ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥದ್ದು ಅಲ್ಲೂ ಇತ್ತೇ? ಕಣ್ಣು ಹೋದದ್ದರಿಂದಲೇ ಕಿವಿ ಚುರುಕಾಗಿ ಸಂಗೀತ ಒಲಿಯಿತು ಎನ್ನುತ್ತಾರಲ್ಲ, ಅದು ನಿಜವೇ? ಅವರ ಮೇಲಿನ ಸಿನಿಮಾದಲ್ಲಿ ಜಾರ್ಜಿಯಾ ರಾಜ್ಯ ಅವರನ್ನು ಜೀವನಪರ್ಯಂತ ನಿಷೇಧಿಸಿದಂತೆ ತೋರಿಸಿದ್ದಾರೆ. ಅದು ನಡೆದದ್ದೇ? ಯಾವುದರಿಂದ ಕೇಳಲು ಶುರು ಮಾಡಲಿ?

ಉತ್ತರ:

ಕಿವಿಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಗೆಹರಿಯದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ಒಂದು ಕಿತ್ತುಕೊಂಡ ದೇವರು ಇನ್ನೊಂದು ಕೊಟ್ಟ ಎಂಬ ಮಾತು ಕೇಳಲು ಹಿತವಾಗಿದೆ, ಆದರೆ ರೇ ಚಾರ್ಲ್ಸ್ ವಿಷಯದಲ್ಲಿ ಅದರ ಕಾಲಕ್ರಮವೇ ಹೊಂದುವುದಿಲ್ಲ. ಆತ ಪಿಯಾನೊ ಮುಟ್ಟಿದ್ದು ಕಣ್ಣು ಚೆನ್ನಾಗಿ ಕಾಣುತ್ತಿದ್ದ ಕಾಲದಲ್ಲಿ.

ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾದ ಆಲ್ಬನಿಯಲ್ಲಿ. ಬೆಳೆದದ್ದು ಗಡಿಯಾಚೆ, ಫ್ಲಾರಿಡಾದ ಗ್ರೀನ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ಪೂರ್ತಿ ಹೆಸರು ರೇ ಚಾರ್ಲ್ಸ್ ರಾಬಿನ್ಸನ್. ತಾಯಿ ಅರೀಥಾ ಊರವರ ಬಟ್ಟೆ ಒಗೆದು ಸಂಸಾರ ನಡೆಸುತ್ತಿದ್ದ ಹೆಣ್ಣುಮಗಳು; ತಂದೆ ಇದ್ದೂ ಇಲ್ಲದಂತೆ. ಆ ಊರಿನಲ್ಲಿ ವೈಲಿ ಪಿಟ್‌ಮನ್ ಎಂಬಾತ ರೆಡ್ ವಿಂಗ್ ಕೆಫೆ ಅಂತ ಒಂದು ಅಂಗಡಿ ಇಟ್ಟಿದ್ದ. ಅಲ್ಲೊಂದು ಹಳೆಯ ಪಿಯಾನೊ, ಕಾಸು ಹಾಕಿದರೆ ಹಾಡುವ ಒಂದು ಜೂಕ್‌ಬಾಕ್ಸ್. ಪಿಟ್‌ಮನ್ ಬೂಗಿವೂಗಿ ಎಂಬ ಕುಣಿಸುವ ಲಯದ ಸಂಗೀತ ಬಾರಿಸಲು ಕೂತರೆ ಮೂರು ವರ್ಷದ ಹುಡುಗ ಆಟ ಬಿಟ್ಟು ಓಡಿಬರುತ್ತಿದ್ದ. ಪಿಟ್‌ಮನ್ ಅವನನ್ನು ಗದರಿಸಿ ಓಡಿಸದೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಬೆರಳಿನಲ್ಲಿ ಧಾಟಿ ಹಿಡಿಯುವುದನ್ನು ತೋರಿಸಿಕೊಟ್ಟ. ಈ ಮನುಷ್ಯನಿಗೆ ಸಲ್ಲಬೇಕಾದದ್ದನ್ನು ಕಣ್ಣಿನ ಕಾಯಿಲೆಯ ಖಾತೆಗೆ ಹಾಕುವುದು ನ್ಯಾಯವಲ್ಲ.

ಐದು ವರ್ಷದವನಿದ್ದಾಗ ತಮ್ಮ ಜಾರ್ಜ್, ತಾಯಿ ಬಟ್ಟೆ ನೆನೆಹಾಕುತ್ತಿದ್ದ ತೊಟ್ಟಿಯಲ್ಲಿ ಬಿದ್ದು, ಅಣ್ಣನ ಕಣ್ಣೆದುರೇ ಮುಳುಗಿ ಸತ್ತ. ರೇ ಅವನನ್ನು ಎಳೆಯಲು ನೋಡಿದ, ಭಾರ ತಾಳಲಿಲ್ಲ. ಇದಾದ ಕೆಲವು ತಿಂಗಳಿಗೆ ಕಣ್ಣಿನಲ್ಲಿ ನೀರು ಸುರಿಯುವುದು, ಬೆಳಕು ಮಬ್ಬಾಗುವುದು ಶುರುವಾಯಿತು. ಏಳು ತುಂಬುವಷ್ಟರಲ್ಲಿ ದೃಷ್ಟಿ ಪೂರ್ತಿ ಹೋಗಿತ್ತು. ಬಹುಶಃ ಗ್ಲಾಕೋಮಾ, ಎಂದರೆ ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ, ಎನ್ನುವುದು ನಂತರದ ಅಂದಾಜು. ಸಿನಿಮಾ ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಕಥೆಗೆ ಅದು ಬೇಕು, ವೈದ್ಯಶಾಸ್ತ್ರಕ್ಕೆ ಬೇಕಿಲ್ಲ.

ತಾಯಿಯ ಪಾತ್ರ ದೊಡ್ಡದು, ಆದರೆ ಕರುಣೆಯ ಅರ್ಥದಲ್ಲಲ್ಲ. ಕಣ್ಣು ಹೋಗುತ್ತಿದ್ದ ಮಗನ ಕೈಯಲ್ಲಿ ಸೌದೆ ಒಡೆಸಿದಳು, ನೆಲ ಒರೆಸಿಸಿದಳು, ಬಟ್ಟೆ ಒಗೆಸಿದಳು. ಅಕ್ಕಪಕ್ಕದವರು ಬೈದರೂ ಜಗ್ಗಲಿಲ್ಲ. ನಾನು ಸತ್ತ ಮೇಲೆ ಇವನಿಗೆ ಯಾರು ಗತಿ ಎಂಬ ಲೆಕ್ಕ ಅವಳದ್ದು. ಲೆಕ್ಕ ಸರಿಯಾಗಿಯೇ ಇತ್ತು. ರೇಗೆ 14 ತುಂಬಿ ಕೆಲವು ತಿಂಗಳಾಗುವಷ್ಟರಲ್ಲಿ, 1945ರಲ್ಲಿ ಆಕೆ ತೀರಿಕೊಂಡಳು.

ಇನ್ನು ಗದಗಿನ ಮಾತು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದಂಥ, ಗುರುಕುಲದ ರೂಪದ ಸಂಸ್ಥೆ ಅಲ್ಲಿ ಇರಲಿಲ್ಲ. ಸರ್ಕಾರಿ ವಸತಿ ಶಾಲೆಗಳಿದ್ದವು. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳ ಅಂಧ ಗಾಯಕರ ಜಾಡು ಹಿಡಿದು ಹೊರಟರೆ ಮತ್ತೆ ಮತ್ತೆ ಬಂದು ನಿಲ್ಲುವುದು ಇಂಥ ಶಾಲೆಗಳ ಬಾಗಿಲಿಗೇ. ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಎಂಬ ಗಾಸ್ಪೆಲ್, ಎಂದರೆ ಕಪ್ಪು ಜನರ ಚರ್ಚಿನ ಭಕ್ತಿಗೀತೆಗಳ, ಮೇಳ ಹುಟ್ಟಿದ್ದು ಅಲಬಾಮಾದ ಟ್ಯಾಲಡೀಗದ ಶಾಲೆಯಲ್ಲಿ. ಹುಟ್ಟುಗುರುಡರಾದ ಸೋಲ್ ಗಾಯಕ ಕ್ಲಾರೆನ್ಸ್ ಕಾರ್ಟರ್ ಓದಿದ್ದೂ ಟ್ಯಾಲಡೀಗದಲ್ಲೇ. ಆಮೇಲೆ ಮಾಂಟ್‌ಗಮರಿಯ ಕಾಲೇಜಿನಲ್ಲಿ ಸಂಗೀತದಲ್ಲಿ ಪದವಿಯನ್ನೇ ಪಡೆದರು. ರೇ ಸೇರಿದ್ದು 1937ರಲ್ಲಿ, ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿದ್ದ ಕಿವುಡರ ಮತ್ತು ಅಂಧರ ಶಾಲೆಗೆ. ಏಳು ವರ್ಷದ ಹುಡುಗ ಒಬ್ಬನೇ ರೈಲು ಹತ್ತಿ ಹೋದ. ಅಲ್ಲಿ ಎಂಟು ವರ್ಷ ಕಳೆದ.

ಆ ಶಾಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಪ್ಪು ಮಕ್ಕಳಿಗೇ ಬೇರೆ ಕಟ್ಟಡ, ಬಿಳಿ ಮಕ್ಕಳಿಗೇ ಬೇರೆ. ಯಾರು ಯಾವ ಬಣ್ಣ ಎಂದು ನೋಡಲಾರದ ಮಕ್ಕಳನ್ನು ಬಣ್ಣ ನೋಡಿ ವಿಂಗಡಿಸಿದ್ದರು.

ಈಗ ಸ್ವರಲಿಪಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ರೇ ಸಂಗೀತದ ಗುಟ್ಟು ಇಲ್ಲಿದೆ ಎಂದು ನನ್ನ ನಂಬಿಕೆ. ಬ್ರೈಲ್ ಸಂಗೀತದಲ್ಲಿ ಐದು ಗೆರೆಗಳಿಲ್ಲ, ಅವುಗಳ ಮೇಲೆ ಕೂತ ಬೊಟ್ಟುಗಳೂ ಇಲ್ಲ. ಅಕ್ಷರಕ್ಕೆ ಬಳಸುವ ಅದೇ ಆರು ಚುಕ್ಕಿಗಳ ಮನೆ ಇಲ್ಲೂ. ಸ್ವತಃ ಆರ್ಗನ್ ನುಡಿಸುತ್ತಿದ್ದ ಲೂಯಿ ಬ್ರೈಲ್ ಸಂಗೀತಕ್ಕೂ ಈ ಚುಕ್ಕಿಗಳನ್ನು ಹೊಂದಿಸಿಕೊಟ್ಟಿದ್ದ. ಮೇಲಿನ ನಾಲ್ಕು ಚುಕ್ಕಿ ಸ್ವರ ಯಾವುದೆಂದು ಹೇಳುತ್ತವೆ, ಕೆಳಗಿನ ಎರಡು ಅದು ಎಷ್ಟು ಹೊತ್ತು ನಿಲ್ಲಬೇಕೆಂದು. ಇಂಗ್ಲಿಷಿನ 'ಡಿ' ಅಕ್ಷರದ ಚುಕ್ಕಿಗಳು ಸಂಗೀತದಲ್ಲಿ 'ಸಿ' ಸ್ವರ. ಕೆಳಗಿನೆರಡೂ ಖಾಲಿ ಇದ್ದರೆ ಎಂಟನೇ ಒಂದು ಭಾಗದಷ್ಟು ಕಾಲ. ಬಲಗಡೆಯದು ಮಾತ್ರ ಎದ್ದಿದ್ದರೆ ಕಾಲು. ಎಡಗಡೆಯದು ಮಾತ್ರವಾದರೆ ಅರ್ಧ. ಎರಡೂ ಇದ್ದರೆ ಪೂರ್ಣ. ಮಂದ್ರವೋ ತಾರವೋ ಎಂದು ಹೇಳಲು ಮುಂದೆ ಇನ್ನೊಂದು ಗುರುತು. ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬಂದರೆ ಒಂದು ಸ್ವರವನ್ನಷ್ಟೇ ಪೂರ್ತಿ ಬರೆದು, ಮಿಕ್ಕವು ಅದರಿಂದ ಎಷ್ಟು ದೂರ ಎಂಬುದಕ್ಕೆ ಗುರುತು ಹಾಕುತ್ತಾರೆ.

ತೊಡಕು ಎಲ್ಲಿ ಎಂದು ನಿಮಗೆ ಹೊಳೆದಿರಬೇಕು. ಪಿಯಾನೊಗೆ ಎರಡೂ ಕೈ ಬೇಕು, ಓದಲೂ ಕೈಯೇ ಬೇಕು. ಆದ್ದರಿಂದ ಹುಡುಗ ಬಲಗೈ ಬೆರಳಲ್ಲಿ ನಾಲ್ಕಾರು ಪಟ್ಟು (ಬಾರ್, ಎಂದರೆ ತಾಳದ ಒಂದೊಂದು ಸುತ್ತು) ಓದುತ್ತ ಎಡಗೈಯಲ್ಲಿ ನುಡಿಸುವನು, ಆಮೇಲೆ ಎಡಗೈಯಲ್ಲಿ ಓದುತ್ತ ಬಲಗೈಯಲ್ಲಿ. ಎರಡೂ ಬಾಯಿಪಾಠವಾದ ಮೇಲೆ ಕೂಡಿಸುವನು. ಮತ್ತೆ ಮುಂದಿನ ನಾಲ್ಕಾರು ಪಟ್ಟು. ಬಾಖ್, ಮೊಜಾರ್ಟ್, ಬೀಥೋವನ್ ಎಲ್ಲವೂ ಹೀಗೇ. ನೋಡಿಕೊಂಡು ನುಡಿಸುವುದು ಎಂಬ ಅನುಕೂಲವೇ ಇಲ್ಲ. ಕಣ್ಣಿದ್ದ ವಿದ್ಯಾರ್ಥಿ ಹಾಳೆಯ ಮೇಲೆ ತೇಲಿಹೋಗುವಾಗ, ಈ ಹುಡುಗ ಪ್ರತಿ ಸ್ವರವನ್ನೂ ಅದರ ನೆರೆಹೊರೆಯ ಸಮೇತ ನೆನಪಿನಲ್ಲಿ ಕೂರಿಸಬೇಕಿತ್ತು. ಇಂಥ ಎಂಟು ವರ್ಷದ ದುಡಿಮೆ ಯಾರನ್ನಾದರೂ ಸಂಗೀತದ ಒಳರಚನೆ ಬಲ್ಲವನನ್ನಾಗಿ ಮಾಡುತ್ತದೆ. 'ಕಿವಿ ಚುರುಕಾಯಿತು' ಎನ್ನುವಾಗ ನಾವು ಈ ದುಡಿಮೆಯನ್ನೇ ಮರೆಯುತ್ತೇವೆ ಎಂಬುದು ನನ್ನ ತಕರಾರು.

ಆಮೇಲೆ ಬ್ಯಾಂಡ್‌ಗೆ ಸ್ವರ ಬರೆಸುವಾಗ ಇದೇ ಬಂಡವಾಳ. ಹಾಡಿನ ಪೂರ್ತಿ ನಕ್ಷೆಯನ್ನು ತಲೆಯಲ್ಲಿಟ್ಟುಕೊಂಡು, ಟ್ರಂಪೆಟಿನ ಭಾಗ ಇದು, ಆಲ್ಟೊ ಸ್ಯಾಕ್ಸೊಫೋನಿನದು ಇದು ಎಂದು ಒಂದೊಂದೇ ವಾದ್ಯದ ಸ್ವರಗಳನ್ನು ಬಾಯಲ್ಲಿ ಹೇಳುತ್ತ ಹೋಗುವರು. ಪಕ್ಕದಲ್ಲಿ ಕೂತವರು ಬರೆದುಕೊಳ್ಳುವರು. ಗಣಪತಿಗೆ ವ್ಯಾಸರು ಹೇಳಿ ಬರೆಸಿದ ಹಾಗೆ ಅನ್ನಿ. ತಂಡದ ಹ್ಯಾಂಕ್ ಕ್ರಾಫರ್ಡ್‌ರಂಥ ನುರಿತ ಸ್ಯಾಕ್ಸೊಫೋನ್ ವಾದಕರು ಈ ಲಿಪಿಕಾರರಾಗಿ ಪಳಗಿಯೇ ಮುಂದೆ ತಾವೂ ಒಳ್ಳೆಯ ಸಂಯೋಜಕರಾದರು.

ತಾಯಿ ಸತ್ತ ಮೇಲಿನ ಅಲೆದಾಟವನ್ನು ಬೇಗ ಹೇಳಿಬಿಡುತ್ತೇನೆ. ಶಾಲೆ ಬಿಟ್ಟು ಜಾಕ್ಸನ್‌ವಿಲ್, ಆರ್ಲ್ಯಾಂಡೊ, ಟ್ಯಾಂಪಾ. ಸಿಕ್ಕಿದ ಕಡೆ ನುಡಿಸಿದರು, ಸಿಗದಿದ್ದಾಗ ಉಪವಾಸವಿದ್ದರು. ಟ್ಯಾಂಪಾದಲ್ಲಿ ಬಿಳಿಯರ ಕಂಟ್ರಿ ತಂಡವೊಂದರಲ್ಲೂ ಪಿಯಾನೊ ನುಡಿಸಿದರು; ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1948ರಲ್ಲಿ ಗಿಟಾರ್ ವಾದಕ ಗೆಳೆಯನಿಗೆ ನಕ್ಷೆಯಲ್ಲಿ ಫ್ಲಾರಿಡಾದಿಂದ ಅತಿ ದೂರದ ದೊಡ್ಡ ಊರು ಯಾವುದು ನೋಡು ಎಂದರು. ಸಿಯಾಟಲ್ ಎಂದ. ಬಸ್ಸು ಹತ್ತಿಯೇಬಿಟ್ಟರು. ಅಲ್ಲಿ ಪರಿಚಯವಾದ ಹದಿಹರೆಯದ ಹುಡುಗನೊಬ್ಬ ಟ್ರಂಪೆಟ್ ಹಿಡಿದುಕೊಂಡು ಬಂದು ಸಂಯೋಜನೆ ಹೇಗೆ ಮಾಡುವುದೆಂದು ಕಾಡುತ್ತಿದ್ದ. ಆತ ಮುಂದೆ ಹೆಸರಾಂತ ಸಂಯೋಜಕನಾದ ಕ್ವಿನ್ಸಿ ಜೋನ್ಸ್. ಆ ಗೆಳೆತನ ಕೊನೆತನಕ ಉಳಿಯಿತು.

1949ರಲ್ಲಿ ಮೊದಲ ರೆಕಾರ್ಡ್ ಬಂತು. ಬಾಕ್ಸಿಂಗ್‌ನಲ್ಲಿ ಶುಗರ್ ರೇ ರಾಬಿನ್ಸನ್ ಹೆಸರು ಮೊಳಗುತ್ತಿದ್ದರಿಂದ ಇವರು ಕೊನೆಯ ಹೆಸರನ್ನು ಕೈಬಿಟ್ಟರು. ಆ ಕಾಲದ ಹಾಡುಗಳನ್ನು ಕೇಳಿದರೆ ನಿಮಗೆ ನಿರಾಸೆಯಾಗಬಹುದು. ಆಗಿನ ಜನಪ್ರಿಯ ಗಾಯಕರಾದ ನ್ಯಾಟ್ ಕಿಂಗ್ ಕೋಲ್ ಮತ್ತು ಚಾರ್ಲ್ಸ್ ಬ್ರೌನ್ ಅವರ ಅನುಕರಣೆ, ಅಚ್ಚುಕಟ್ಟಾದ ಅನುಕರಣೆ. ಹೊಟ್ಟೆಪಾಡಿಗೆ ಅದು ಸಾಕಿತ್ತು. 1952ರಲ್ಲಿ ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿ ಇವರ ಕರಾರನ್ನು 2,500 ಡಾಲರಿಗೆ ಕೊಂಡುಕೊಂಡಿತು. ಅಹ್ಮೆತ್ ಎರ್ಟೆಗನ್, ಜೆರ್ರಿ ವೆಕ್ಸ್‌ಲರ್ ಅಲ್ಲಿನ ಯಜಮಾನರು. ಇವರು ಮಾಡಿದ ದೊಡ್ಡ ಉಪಕಾರವೆಂದರೆ ಸ್ವಲ್ಪ ಕಾಲದ ನಂತರ ಅಡ್ಡಬರುವುದನ್ನು ನಿಲ್ಲಿಸಿದ್ದು.

1954ರಲ್ಲಿ, ತಂಡದೊಂದಿಗೆ ಊರೂರು ಸುತ್ತುವಾಗ ಕಾರಿನ ರೇಡಿಯೊದಲ್ಲಿ ಒಂದು ಗಾಸ್ಪೆಲ್ ಹಾಡು ಬಂತು. ಸದರ್ನ್ ಟೋನ್ಸ್ ಎಂಬ ಮೇಳದ ಯೇಸುವಿನ ಸ್ತುತಿ. ರೇ ಆ ಧಾಟಿಗೆ ತಾವೇ ಗುನುಗತೊಡಗಿದರು, ಆದರೆ ಯೇಸುವಿನ ಜಾಗದಲ್ಲಿ ಒಬ್ಬ ಹೆಣ್ಣು ಬಂದಳು. ತಂಡದ ಟ್ರಂಪೆಟ್ ವಾದಕ ರೆನಲ್ಡ್ ರಿಚರ್ಡ್‌ಗೆ ಇದಕ್ಕೆ ಸಾಹಿತ್ಯ ಬರೆಯಬಲ್ಲೆಯಾ ಎಂದು ಕೇಳಿದರು. ಆತ ಮರುದಿನವೇ ಬರೆದು ತಂದ. ನವೆಂಬರ್‌ನಲ್ಲಿ ಅಟ್ಲಾಂಟಾದ ರೇಡಿಯೊ ಕೇಂದ್ರವೊಂದರಲ್ಲಿ ಧ್ವನಿಮುದ್ರಣವಾದ 'ಐ ಗಾಟ್ ಎ ವುಮನ್' ಮರುವರ್ಷ ಕಪ್ಪು ಜನರ ಜನಪ್ರಿಯ ಸಂಗೀತವಾದ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು.

ಧಾಟಿ ಎರವಲು ಪಡೆದದ್ದು ದೊಡ್ಡ ವಿಷಯವೇನಲ್ಲ, ಎಲ್ಲ ಕಾಲಕ್ಕೂ ಎಲ್ಲರೂ ಮಾಡಿದ್ದಾರೆ. ರೇ ತಂದದ್ದು ಚರ್ಚಿನ ಹಾಡಿಕೆಯ ರೀತಿಯನ್ನೇ. ಪಾದ್ರಿ ಒಂದು ಸಾಲು ಕೂಗಿದರೆ ಭಕ್ತರು ತಿರುಗಿ ಕೂಗುವುದು, ದನಿ ಮಧ್ಯೆ ಒಡೆದು ಅಳುವಿನತ್ತ ಹೊರಳುವುದು, ಒಂದೇ ಅಕ್ಷರವನ್ನು ಹತ್ತು ಸ್ವರಗಳಲ್ಲಿ ಎಳೆಯುವುದು. ಇದೆಲ್ಲ ಶನಿವಾರ ರಾತ್ರಿಯ ಕುಡಿತ–ಕುಣಿತದ ಹಾಡಿಗೆ ಬಂದು ಕೂತಾಗ ಚರ್ಚಿನವರು ಕೆರಳಿದರು. ಅವರಷ್ಟೇ ಅಲ್ಲ, ಹಳೆಯ ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂಂಜಿ ಕೂಡ, ಈತ ಎರಡನ್ನೂ ಕಲಸುತ್ತಿದ್ದಾನೆ, ಇದು ಸಲ್ಲ ಎಂದು ಆಕ್ಷೇಪಿಸಿದರು. ನಮ್ಮಲ್ಲಿ ಸಿನಿಮಾ ಧಾಟಿಗೆ ದೇವರನಾಮ ಕೂರಿಸಿದರೆ ಮೂಗು ಮುರಿಯುವವರಿದ್ದಾರಲ್ಲ, ಅಲ್ಲಿ ಉಲ್ಟಾ. ಆದರೂ ಕಪ್ಪು ಕೇಳುಗರಿಗೆ ಇದು ಎಲ್ಲಿಯ ಸದ್ದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ದಶಕದಲ್ಲಿ ಸೋಲ್ ಎಂದು ಹೆಸರಾದ ಸಂಗೀತದ ಬೀಜ ಇದು. ರೇ ಒಬ್ಬರೇ ಹುಟ್ಟಿಸಿದರು ಎನ್ನುವುದು ಅತಿಯಾದೀತು, ಸ್ಯಾಮ್ ಕುಕ್ ಮುಂತಾದವರೂ ಅದೇ ದಾರಿಯಲ್ಲಿದ್ದರು. ಬಾಗಿಲನ್ನು ಒದ್ದು ತೆಗೆದವರು ಮಾತ್ರ ಇವರೇ.

1958ರ ಡಿಸೆಂಬರ್. ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್ ಎಂಬಲ್ಲಿ ಒಂದು ಕುಣಿತದ ಕಾರ್ಯಕ್ರಮ. ಗೊತ್ತಿದ್ದ ಹಾಡುಗಳೆಲ್ಲ ಮುಗಿದು ಇನ್ನೂ ಹನ್ನೆರಡು ನಿಮಿಷ ತುಂಬಬೇಕಿತ್ತು. ತಂಡದವರಿಗೂ ಹಿನ್ನೆಲೆ ಗಾಯಕಿಯರಾದ ರೇಲೆಟ್ಸ್‌ಗೂ ರೇ ಹೇಳಿದ್ದು, ನಾನು ಏನೋ ಶುರು ಮಾಡುತ್ತೇನೆ, ಹಿಂದೆ ಬನ್ನಿ ಅಂತ. ಎಲೆಕ್ಟ್ರಿಕ್ ಪಿಯಾನೊದಲ್ಲಿ ಎಡಗೈಯಿಂದ ಒಂದು ಪುಟ್ಟ ತಿರುಗಣಿ ಹಿಡಿದರು. ಹನ್ನೆರಡು ಪಟ್ಟಿನ ಮಾಮೂಲಿ ಬ್ಲೂಸೇ, ಆದರೆ ಕೆಳಗೆ ಡ್ರಮ್ಮಿನಲ್ಲಿ ಲ್ಯಾಟಿನ್ ನಡೆ. ಮಧ್ಯೆ ತಂಡವನ್ನು ನಿಲ್ಲಿಸಿ ಬರಿಯ ನರಳಿಕೆ ಕೂಗಿದರು, ಗಾಯಕಿಯರು ಹಾಗೆಯೇ ತಿರುಗಿ ಕೂಗಿದರು. ನೆಲ ನಡುಗಿತು. ಮರುದಿನ ಬೇರೆ ಊರಲ್ಲಿ ಮತ್ತೆ ನುಡಿಸಿದರು, ಅಲ್ಲೂ ಹಾಗೇ. ಜನ ಬಂದು ಈ ರೆಕಾರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದ ಮೇಲೆ ಕಂಪನಿಗೆ ಫೋನು ಮಾಡಿದರು.

1959ರ ಫೆಬ್ರವರಿಯಲ್ಲಿ ಧ್ವನಿಮುದ್ರಣವಾದ 'ವಾಟ್ಡ್ ಐ ಸೇ' ಆರೂವರೆ ನಿಮಿಷ ಮೀರಿತ್ತು. ಆಗಿನ ಪುಟ್ಟ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವಂಥದ್ದಲ್ಲ. ಎಂಜಿನಿಯರ್ ಟಾಮ್ ಡೌಡ್ ಅದನ್ನು ಎರಡಾಗಿ ಸೀಳಿ ಎರಡೂ ಮಗ್ಗುಲಿಗೆ ಹಾಕಿದರು. ಕೆಲವು ರೇಡಿಯೊ ಕೇಂದ್ರಗಳು ಅಶ್ಲೀಲವೆಂದು ನಿಲ್ಲಿಸಿದವು. ಅಮೆರಿಕದ ಪಾಪ್ ಪಟ್ಟಿಯಲ್ಲಿ ಅದು 6ನೇ ಸ್ಥಾನ ಮುಟ್ಟಿತು. ಎಲೆಕ್ಟ್ರಿಕ್ ಪಿಯಾನೊ ಎಲ್ಲಿಂದ ಬಂತು ಎಂದರೆ, ಊರೂರ ಕ್ಲಬ್ಬುಗಳ ಪಿಯಾನೊ ಶ್ರುತಿ ಕೆಟ್ಟಿರುತ್ತಿದ್ದವು. ಆ ಕಾಟ ತಾಳಲಾರದೆ ವುರ್ಲಿಟ್ಜರ್ ಕಂಪನಿಯ ಎಲೆಕ್ಟ್ರಿಕ್ ಪಿಯಾನೊ ಒಂದನ್ನು ಜೊತೆಗೇ ಹೊತ್ತೊಯ್ಯುತ್ತಿದ್ದರು. ಜೊತೆಯವರು ಆಟಿಕೆ ಎಂದು ನಗುತ್ತಿದ್ದರಂತೆ.

ಈಗ ಸಿನಿಮಾಗಳು ಅವಸರದಲ್ಲಿ ದಾಟಿಸುವ, ನನಗೆ ಮಾತ್ರ ತುಂಬ ಮುಖ್ಯವೆನಿಸುವ ಭಾಗ: ಲೆಕ್ಕಪತ್ರ. 1959ರ ಕೊನೆಗೆ ಅಟ್ಲಾಂಟಿಕ್ ಬಿಟ್ಟು ಎಬಿಸಿ–ಪ್ಯಾರಾಮೌಂಟ್ ಕಂಪನಿ ಸೇರಿದರು. ವರ್ಷಕ್ಕೆ 50 ಸಾವಿರ ಡಾಲರ್ ಮುಂಗಡ, ಲಾಭದಲ್ಲಿ ದೊಡ್ಡ ಪಾಲು. ಇವೆಲ್ಲಕ್ಕಿಂತ ಹೆಚ್ಚಾಗಿ ಮಾಸ್ಟರ್ ಟೇಪುಗಳ, ಎಂದರೆ ಮೂಲ ಧ್ವನಿಮುದ್ರಣಗಳ, ಒಡೆತನ. ಹಾಡಿದವನಿಗೆ ದುಡ್ಡು ಕೊಟ್ಟು ಕಳಿಸಿ ಟೇಪನ್ನು ಕಂಪನಿ ಶಾಶ್ವತವಾಗಿ ಇಟ್ಟುಕೊಳ್ಳುವುದು ಆ ಉದ್ಯಮದ ಸಹಜ ರೀತಿ. ಬಿಳಿಯ ತಾರೆಗಳಿಗೂ ಸುಲಭಕ್ಕೆ ಸಿಗದ ಕರಾರು ಅದು. ಕಪ್ಪು, ಕುರುಡ, ಬಡತನದಿಂದ ಬಂದವನು, ಮೇಲಾಗಿ ಮಾದಕವಸ್ತುವಿನ ಚಟ. ಮೋಸ ಮಾಡಲು ಇದಕ್ಕಿಂತ ಸುಲಭದ ಗಿರಾಕಿ ಸಿಗಲಾರ ಎಂದುಕೊಂಡವರಿಗೆ ಎದುರಾದದ್ದು ಒಂದೊಂದು ಷರತ್ತನ್ನೂ ಓದಿಸಿ ಕೇಳಿ ನೆನಪಿಟ್ಟುಕೊಳ್ಳುವ ಆಸಾಮಿ. 1962ರಲ್ಲಿ ತಮ್ಮದೇ ಟ್ಯಾಂಜರೀನ್ ಲೇಬಲ್, ಸ್ವಲ್ಪ ಕಾಲಕ್ಕೆ ಲಾಸ್ ಏಂಜಲಿಸ್‌ನ ವೆಸ್ಟ್ ವಾಷಿಂಗ್‌ಟನ್ ಬುಲೆವಾರ್ಡ್‌ನಲ್ಲಿ ಸ್ವಂತ ಕಟ್ಟಡ, ಅದರಲ್ಲೇ ಸ್ಟುಡಿಯೊ, ಕಚೇರಿ.

ಇದನ್ನು ಕಂಡು ಕಲಿತವರಿದ್ದರು. ಡೆಟ್ರಾಯಿಟ್‌ನ ಮೋಟೌನ್ ಕಂಪನಿ 11 ವರ್ಷದ ಅಂಧ ಹುಡುಗ ಸ್ಟೀವಿ ವಂಡರ್‌ನನ್ನು ಹಿಡಿದು ತಂದು, 1962ರಲ್ಲಿ ಅವನ ಕೈಯಲ್ಲಿ ರೇ ಹಾಡುಗಳ ಆಲ್ಬಮ್ಮನ್ನೇ ಹಾಡಿಸಿತು. ರೇ ಅವರಿಗಿದ್ದ 'ಜೀನಿಯಸ್' ಬಿರುದನ್ನು ಈ ಹುಡುಗನಿಗೂ ಅಂಟಿಸಿ ಮಾರಿತು. ಕುರುಡ ಜೀನಿಯಸ್ ಎನ್ನುವುದು ಅಷ್ಟರಲ್ಲಾಗಲೇ ಒಂದು ಮಾರುಕಟ್ಟೆ ಸರಕು. ಅದೇ ಹುಡುಗ 1971ರಲ್ಲಿ 21 ತುಂಬುತ್ತಲೇ ಹಳೆಯ ಕರಾರು ಮುಗಿಸಿಕೊಂಡು, ತನ್ನ ಸಂಗೀತದ ಮೇಲೆ ತನ್ನದೇ ಹತೋಟಿ ಇರುವ ಹೊಸ ಕರಾರು ಮಾಡಿಸಿಕೊಂಡ. ಎಪ್ಪತ್ತರ ದಶಕದ ಸ್ಟೀವಿ ಆಲ್ಬಮ್‌ಗಳೆಲ್ಲ ಆ ಕಾಗದದ ಮೇಲೆ ನಿಂತಿವೆ.

ಹತೋಟಿ ಸಿಕ್ಕಿದ ಮೇಲೆ ರೇ ಏನು ಮಾಡಿದರು ಎಂಬುದು ಇನ್ನೂ ಸ್ವಾರಸ್ಯ. 1962ರಲ್ಲಿ ಕಂಟ್ರಿ ಹಾಡುಗಳ ಆಲ್ಬಮ್ ಮಾಡುತ್ತೇನೆ ಎಂದರು. ಕಂಟ್ರಿ ಎಂದರೆ ದಕ್ಷಿಣದ ಬಿಳಿ ರೈತಾಪಿಗಳ ಸಂಗೀತ. ಕಂಪನಿಯವರು ಗಾಬರಿಯಾದರು, ಇರುವ ಕೇಳುಗರೂ ಹೋಗುತ್ತಾರೆ ಎಂದರು. ಆದರೆ ಗ್ರೀನ್‌ವಿಲ್‌ನ ಗುಡಿಸಲಿನಲ್ಲಿ ಶನಿವಾರ ರಾತ್ರಿ ರೇಡಿಯೊದಲ್ಲಿ ಗ್ರಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ಕಾರ್ಯಕ್ರಮ ಕೇಳುತ್ತ ಬೆಳೆದವರು, ಟ್ಯಾಂಪಾದಲ್ಲಿ ಬಿಳಿಯರ ತಂಡದಲ್ಲಿ ನುಡಿಸಿದ್ದವರು ಇವರು. ನಿರ್ಮಾಪಕ ಸಿಡ್ ಫೆಲ್ಲರ್ ಹಾಡುಗಳ ರಾಶಿಯನ್ನೇ ಟೇಪಿಗೆ ತುಂಬಿ ಕಳಿಸಿದರು, ಅದರಲ್ಲಿ ರೇ ಹನ್ನೆರಡು ಆರಿಸಿದರು. ಕೆಲವಕ್ಕೆ ಬಿಗ್ ಬ್ಯಾಂಡ್, ಕೆಲವಕ್ಕೆ ಪಿಟೀಲುಗಳ ಗುಂಪು. ಆಲ್ಬಮ್ 14 ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿನ 'ಐ ಕಾಂಟ್ ಸ್ಟಾಪ್ ಲವಿಂಗ್ ಯೂ' ಬಿಡಿಯಾಗಿ ತರುವ ಯೋಚನೆಯೇ ಇರಲಿಲ್ಲ. ಬೇರೊಬ್ಬ ಗಾಯಕ ಅದೇ ಸಂಯೋಜನೆಯನ್ನು ನಕಲು ಮಾಡಿ ತರುತ್ತಿದ್ದಾನೆಂದು ತಿಳಿದು ಅವಸರದಲ್ಲಿ ಕತ್ತರಿಸಿ ಬಿಡುಗಡೆ ಮಾಡಿದರು. ಐದು ವಾರ ಪಟ್ಟಿಯ ತುದಿಯಲ್ಲಿತ್ತು.

ಜಾರ್ಜಿಯಾ ನಿಷೇಧದ ಪ್ರಶ್ನೆ. ಇಲ್ಲ, ಅಂಥ ನಿಷೇಧ ಆಗಲೇ ಇಲ್ಲ. ನಡೆದದ್ದು ಇಷ್ಟು. 1961ರ ಮಾರ್ಚ್‌ನಲ್ಲಿ ಆಗಸ್ಟಾ ನಗರದ ಬೆಲ್ ಆಡಿಟೋರಿಯಂನಲ್ಲಿ ಕಾರ್ಯಕ್ರಮ ಗೊತ್ತಾಗಿತ್ತು. ಕೆಳಗೆ ಕುಣಿಯುವ ಜಾಗ ಬಿಳಿಯರಿಗೆ, ಕರಿಯರು ಮೇಲಿನ ಬಾಲ್ಕನಿಯಲ್ಲಿ ಕೂತು ನೋಡಬೇಕು. ಊರಿನ ಪೇಯ್ನ್ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಇವರ ಗಮನಕ್ಕೆ ತಂದರು. ರೇ ಕಾರ್ಯಕ್ರಮ ರದ್ದು ಮಾಡಿ ಊರು ಬಿಟ್ಟರು. ಏರ್ಪಡಿಸಿದವನು ಕರಾರು ಮುರಿದರೆಂದು ದಾವೆ ಹಾಕಿದ, ಮರುವರ್ಷ ಕೋರ್ಟು 757 ಡಾಲರ್ ಕಟ್ಟಿಸಿತು. ರಾಜ್ಯದ ಶಾಸನಸಭೆ ಆ ವಿಷಯವನ್ನು ಮುಟ್ಟಲೂ ಇಲ್ಲ. 1963ರಲ್ಲಿ ಅದೇ ಸಭಾಂಗಣದಲ್ಲಿ, ಈ ಬಾರಿ ಬೇರ್ಪಡಿಸದೆ ಕೂತ ಜನರ ಮುಂದೆ ಹಾಡಿದರು. 'ಜಾರ್ಜಿಯಾ ಆನ್ ಮೈ ಮೈಂಡ್' 1979ರಲ್ಲಿ ರಾಜ್ಯಗೀತೆಯಾದದ್ದು, ಶಾಸನಸಭೆಯಲ್ಲಿ ರೇ ಅದನ್ನು ಹಾಡಿದ್ದು ನಿಜ. ಕ್ಷಮೆ ಕೇಳಿ ನಿಷೇಧ ತೆಗೆದರು ಎನ್ನುವುದು ಚಿತ್ರಕಥೆಯ ಸೇರ್ಪಡೆ. ನನ್ನ ಮಟ್ಟಿಗೆ 757 ಡಾಲರಿನ ಸತ್ಯವೇ ಹೆಚ್ಚು ಗಟ್ಟಿ. ಅಂದಹಾಗೆ ಆ ಹಾಡು ನಾಡಗೀತೆಯಾಗಲೆಂದು ಬರೆದದ್ದಲ್ಲ. 1930ರದ್ದು, ಹೋಗಿ ಕಾರ್ಮೈಕಲ್ ಎಂಬ ಸಂಯೋಜಕ ರಾಗ ಹಾಕಿದ್ದು. ಕಾರಿನಲ್ಲಿ ರೇ ಅದನ್ನು ಸದಾ ಗುನುಗುವುದನ್ನು ಕೇಳಿ, ಇದನ್ನು ರೆಕಾರ್ಡ್ ಮಾಡಬಾರದೇಕೆ ಎಂದದ್ದು ಅವರ ಚಾಲಕ.

ಚಟದ ವಿಷಯ ಮುಚ್ಚಿಡುವಂಥದ್ದಲ್ಲ. ಹೆರಾಯಿನ್ ಹದಿಹರೆಯದ ಕೊನೆಯಲ್ಲಿ ಶುರುವಾಗಿ ಸುಮಾರು 17 ವರ್ಷ ಇತ್ತು. ಹಲವು ಬಾರಿ ಬಂಧನವಾಯಿತು; 1964ರಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಾಗ ಜೈಲು ಖಚಿತವೆನಿಸಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದಕ್ಕೆ ತಾವೇ ದಾಖಲಾಗಿ ಹೆರಾಯಿನ್ ಬಿಟ್ಟರು, ಮತ್ತೆ ಮುಟ್ಟಲಿಲ್ಲ. ಆತ್ಮಕಥೆಯಲ್ಲಿ ಇದನ್ನು ಕುರುಡುತನದ ಮೇಲೋ ಬಡತನದ ಮೇಲೋ ಬಿಳಿಯರ ಮೇಲೋ ಹೊರಿಸಿಲ್ಲ. ಬೇಕೆನಿಸಿತು, ತಗೊಂಡೆ ಎಂಬ ಧಾಟಿ. ಆ ಆಸ್ಪತ್ರೆಯಲ್ಲೇ ಚದುರಂಗ ಕಲಿತದ್ದು. ಕಪ್ಪು–ಬಿಳಿ ಮನೆಗಳು ಏರುತಗ್ಗಾಗಿರುವ, ಕಾಯಿಗಳನ್ನು ತೂತಿಗೆ ಸಿಗಿಸುವ ಹಲಗೆಯಲ್ಲಿ ಬೆರಳಾಡಿಸಿ ಆಡುತ್ತಿದ್ದರು. ಸಂಸಾರದ ಲೆಕ್ಕ ಅಷ್ಟು ಚೊಕ್ಕವಲ್ಲ: ಎರಡು ಮದುವೆ, ಎರಡೂ ಮುರಿದವು, ಹತ್ತು ಹೆಂಗಸರಲ್ಲಿ ಹನ್ನೆರಡು ಮಕ್ಕಳು. 1981ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಾಡಿದ್ದಕ್ಕೆ ಕಟು ಟೀಕೆಯೂ ಬಂತು. ಆಗಸ್ಟಾದಲ್ಲಿ ಹಿಂದೆ ಸರಿದವರೇ ಇವರು ಎಂಬುದು ನನಗೆ ಇವತ್ತಿಗೂ ಹೊಂದಿಬರದ ಸಂಗತಿ.

ಎಪ್ಪತ್ತರ ದಶಕದ ನಂತರದ ರೆಕಾರ್ಡುಗಳಲ್ಲಿ ಹೊಸತು ಕಡಿಮೆ. ಬಿರುದು, ಜಾಹೀರಾತು, ಗೌರವಗಳು ಹೆಚ್ಚು. ಒಂದನ್ನು ಮಾತ್ರ ಹೇಳಬೇಕು. 1986ರಲ್ಲಿ ಸ್ವಂತ ಹಣದಿಂದ ಪ್ರತಿಷ್ಠಾನ ಕಟ್ಟಿದಾಗ ಅದು ಅಂಧರಿಗಾಗಿ ಅಲ್ಲ, ಕಿವಿ ಕೇಳದವರಿಗಾಗಿ. ಕಣ್ಣಿಲ್ಲದೆ ಬದುಕಬಹುದು, ಕಿವಿಯಿಲ್ಲದೆ ತನಗಾಗದು ಎಂಬುದು ಅವರ ನಿಲುವು. ಕೋಲು ಹಿಡಿಯಲಿಲ್ಲ, ನಾಯಿ ಸಾಕಲಿಲ್ಲ. ಯೌವನದಲ್ಲಿ ಟ್ಯಾಲಹ್ಯಾಸಿಯಲ್ಲಿ ಮುಂದೆ ಹೋಗುವ ಗೆಳೆಯನ ಬೈಕಿನ ಸದ್ದು ಹಿಡಿದು ತಾವೂ ಬೈಕ್ ಓಡಿಸಿದ್ದುಂಟು. ಯಾರೂ ಅನುಕರಿಸಬೇಕಾದದ್ದಲ್ಲ. 2004ರ ಜೂನ್ 10ರಂದು ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು, 73 ವರ್ಷ. ಎರಡು ತಿಂಗಳ ನಂತರ ಬಂದ ಯುಗಳಗೀತೆಗಳ ಆಲ್ಬಮ್‌ಗೆ ಎಂಟು ಗ್ರ್ಯಾಮಿ ಬಂದವು. ಅದು ಮರಣೋತ್ತರ ಗೌರವ. ಕೇಳಲು ಅಲ್ಲಿಂದ ಶುರು ಮಾಡಬೇಡಿ.

ಎಲ್ಲಿಂದ ಎಂದರೆ, ಮೊದಲು 'ಐ ಗಾಟ್ ಎ ವುಮನ್', ಆಮೇಲೆ 'ವಾಟ್ಡ್ ಐ ಸೇ'ಯ ಎರಡೂ ಭಾಗ ಒಟ್ಟಿಗೆ. ಎಡಗೈಯನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳಿ, ಗಾಯಕಿಯರನ್ನು ಹಿಂಬಾಲಿಸಿ ಇನ್ನೊಮ್ಮೆ. ಮೂರನೆಯದಾಗಿ 'ಜಾರ್ಜಿಯಾ', ಅದರಲ್ಲಿ ಪಿಟೀಲುಗಳ ಹಿಂದೆ ಎಷ್ಟು ತಡವಾಗಿ ಪದವನ್ನು ಬಿಡುತ್ತಾರೆ ಗಮನಿಸಿ. ಅದಾದ ಮೇಲೆ ಕಂಟ್ರಿ ಆಲ್ಬಮ್.

ಬ್ಯಾಂಡ್ ನಡೆಸುವ ಬಗೆ ಕೇಳಿದ್ದಿರಿ. ಅದಕ್ಕೆ ಉತ್ತರ 1959ರ ಮೇ ತಿಂಗಳಲ್ಲಿ ಅಟ್ಲಾಂಟಾದ ಹರ್ನ್‌ಡನ್ ಕ್ರೀಡಾಂಗಣದಲ್ಲಿ, ಒಂದೇ ಮೈಕಿನಲ್ಲಿ ಸ್ಥಳೀಯ ರೇಡಿಯೊದವರು ಹಿಡಿದಿಟ್ಟ 'ಡ್ರೌನ್ ಇನ್ ಮೈ ಓನ್ ಟಿಯರ್ಸ್'ನಲ್ಲಿದೆ. ಲಯ ಎಷ್ಟು ವಿಳಂಬವೆಂದರೆ ಒಂದು ತಾಳದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಂಡ ಚೆದುರಬೇಕು. ಇವರ ಈ ವಿಳಂಬಕ್ಕೆ ಡ್ರಮ್ಮರ್‌ಗಳು ಹೆದರುತ್ತಿದ್ದರು. ಕೈಗಳೆರಡೂ ಪಿಯಾನೊ ಮೇಲೆ, ಕಣ್ಣಿನ ಸನ್ನೆ ಇಲ್ಲ. ತಂಡದವರು ನೋಡುತ್ತಿದ್ದದ್ದು ಅವರ ಕಾಲು ಮತ್ತು ಭುಜ. ಎಡಗಾಲು ಬೀಳುವ ಮೊದಲು ಯಾರೂ ನುಡಿಸುವಂತಿಲ್ಲ, ಬಿದ್ದ ಮೇಲೆ ಕೂದಲೆಳೆಯಷ್ಟು ತಡವಾದರೂ ಅವರಿಗೆ ಯಾರದೆಂದು ಗೊತ್ತಾಗುತ್ತಿತ್ತು. ಆ ಧ್ವನಿಮುದ್ರಣವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮೊಬೈಲ್ ಸ್ಪೀಕರಿನಲ್ಲಿ ಬೇಡ.